ಮಾತಿನ ಹರಿವಿನಲ್ಲಿ ಮಗು ಪದವನ್ನು ಗುರುತಿಸುವುದು ಹೇಗೆ? — ಓದುಗರ ಪ್ರಶ್ನೆಗಳಿಗೆ ಉತ್ತರ

ಎಳೆಯ ಮಕ್ಕಳ ಮಾತಿನ ಕಲಿಕೆಯ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆಯ್ದುಕೊಂಡಿದ್ದೇವೆ. ಉಳಿದ ಪ್ರಶ್ನೆಗಳಿಗೆಲ್ಲ ಮೊದಲನೆಯದೇ ತಳಹದಿಯಾಗಿರುವುದರಿಂದ ಅದಕ್ಕೆ ಹೆಚ್ಚಿನ ಜಾಗ ಸಂದಿದೆ.

ಪ್ರಶ್ನೆ: ಮಗನ ಮನೆಗೆಂದು ಜರ್ಮನಿಗೆ ಹೋಗಿದ್ದಾಗ ಅಲ್ಲಿಯವರ ಮಾತಿನಲ್ಲಿ ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ನಮ್ಮ ಎಂಟು ತಿಂಗಳ ಮೊಮ್ಮಗಳಿಗೂ ನಮ್ಮ ಕನ್ನಡ ಹೀಗೆಯೇ ಕೇಳಿಸುತ್ತಿರಬಹುದೆ? ಅರ್ಥವೇ ಗೊತ್ತಿಲ್ಲದ ಮಗು ಪದಗಳನ್ನು ಬಿಡಿಸಿಕೊಳ್ಳುವುದಾದರೂ ಹೇಗೆ?
— ಓದುಗರೊಬ್ಬರು, ಹಾಸನ

ಉತ್ತರ: ಜರ್ಮನ್ನರು ಅವಸರದಿಂದ ಮಾತನಾಡುವುದರಿಂದ ಹಾಗೆ ಕೇಳಿಸಿತು ಎಂದು ಭಾವಿಸಬೇಡಿ, ಕನ್ನಡ ಬಾರದವರಿಗೆ ನಮ್ಮ ಮಾತೂ ಹಾಗೆಯೇ ಕೇಳಿಸುತ್ತದೆ. ಅಚ್ಚಿನ ಪುಟದಲ್ಲಿ ಪದಗಳ ನಡುವೆ ಬಿಟ್ಟ ತೆರಪನ್ನು ನೋಡಿ ನೋಡಿ ಮಾತಿನಲ್ಲಿಯೂ ಅಂಥ ತೆರಪು ಇದೆ ಎಂದು ಓದುಬರಹ ಕಲಿತ ನಾವು ನಂಬಿಬಿಟ್ಟಿದ್ದೇವೆ. ‘ಅಪ್ಪ ಬಂದರು’ ಎಂಬ ಮಾತನ್ನು ಮುದ್ರಿಸಿಕೊಂಡು ಅದರ ಧ್ವನಿಯಲೆಯನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡಿದರೆ, ಸ್ಪಷ್ಟವಾದ ಮೌನ ಕಾಣಿಸುವುದು ‘ಅಪ್ಪ’ ಎಂಬ ಪದದ ಒಳಗೇ, ಒತ್ತಕ್ಷರಕ್ಕಾಗಿ ತುಟಿಗಳು ಮುಚ್ಚಿಕೊಂಡಿರುವ ಕ್ಷಣದಲ್ಲಿ; ‘ಅಪ್ಪ’ಕ್ಕೂ ‘ಬಂದರು’ವಿಗೂ ನಡುವೆ ದನಿ ಕಡಿಯದೆ ಸಾಗಿರುತ್ತದೆ. ಆದ್ದರಿಂದ ಮೌನ ಇರುವಲ್ಲೆಲ್ಲ ಪದ ಮುಗಿಯಿತು ಎಂದು ಎಣಿಸುವ ಮಗು ದಾರಿ ತಪ್ಪುತ್ತದೆ. ನಮ್ಮ ಹಳೆಯ ಶಾಸನಗಳನ್ನು ಕೊರೆದವರೂ ತಾಳೆಗರಿಯ ಮೇಲೆ ಬರೆದವರೂ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ ಎಂಬುದನ್ನು ನೆನೆದರೆ, ಕಿವಿಯ ಅನುಭವಕ್ಕೆ ಅವರ ಬರಹವೇ ಹೆಚ್ಚು ಹತ್ತಿರವಾಗಿತ್ತು ಎನ್ನಬೇಕು.

ನಿಮ್ಮ ಮೊಮ್ಮಗಳು ಮಾತ್ರ ಜರ್ಮನಿಯಲ್ಲಿ ನೀವಿದ್ದ ಸ್ಥಿತಿಯನ್ನು ಈಗಾಗಲೇ ದಾಟಿದ್ದಾಳೆ. ಗರ್ಭದ ಕೊನೆಯ ತಿಂಗಳುಗಳಲ್ಲಿಯೇ ಮಗುವಿನ ಕಿವಿ ಕೆಲಸ ಮಾಡುತ್ತಿರುತ್ತದೆ. ತಾಯಿಯ ಮಾತಿನ ಏರಿಳಿತವೂ ಲಯವೂ ಅದಕ್ಕೆ ತಲುಪುತ್ತವೆ. ಹುಟ್ಟಿದ ಕೆಲವೇ ದಿನಗಳ ಕೂಸು ತಾಯಿಯ ದನಿಯನ್ನು ಬೇರೆ ಹೆಂಗಸಿನ ದನಿಗಿಂತ ಹೆಚ್ಚು ಬಯಸುತ್ತದೆ ಎಂಬುದನ್ನು 1980ರಲ್ಲಿಯೇ ತೋರಿಸಲಾಗಿದೆ. ನಾಲ್ಕೂವರೆ ತಿಂಗಳ ಹೊತ್ತಿಗೆ ಮಗು ತನ್ನ ಹೆಸರಿನ ಧ್ವನಿಯನ್ನು ಬೇರೆ ಹೆಸರುಗಳಿಂದ ಬೇರ್ಪಡಿಸಿ ಗುರುತಿಸುತ್ತದೆ. ಅದು ತನ್ನ ಹೆಸರು ಎಂಬ ತಿಳಿವಳಿಕೆ ಆಗ ಇರಬೇಕೆಂದಿಲ್ಲ. ಮತ್ತೆ ಮತ್ತೆ ಬರುವ ಒಂದು ಪರಿಚಿತ ಧ್ವನಿರೂಪ ಅದಾಗಿದ್ದರೂ ಸಾಕು.

ಮಾತು ಬಾರದ ಮಗುವಿನ ಮನಸ್ಸಿನಲ್ಲಿ ಏನಿದೆ ಎಂಬುದು ಸಂಶೋಧಕರಿಗೆ ಹೇಗೆ ತಿಳಿಯುತ್ತದೆ ಎಂದು ನೀವು ಕೇಳಬಹುದು. ತಾಯಿಯ ತೊಡೆಯ ಮೇಲೆ ಕುಳಿತ ಮಗುವಿನ ಎಡಬಲಗಳಲ್ಲಿ ಒಂದೊಂದು ದೀಪ, ಒಂದೊಂದು ಸ್ಪೀಕರ್ ಇರುತ್ತವೆ. ದೀಪ ಮಿನುಗಿದ ಕಡೆಗೆ ಮಗು ತಲೆ ತಿರುಗಿಸಿದಾಗ ಆ ಕಡೆಯಿಂದ ಧ್ವನಿ ಬರುತ್ತದೆ, ಮಗು ಮುಖ ತಿರುಗಿಸಿದ ಮೇಲೆ ನಿಲ್ಲುತ್ತದೆ. ಯಾವ ಧ್ವನಿಯನ್ನು ಎಷ್ಟು ಹೊತ್ತು ಆಲಿಸಿತು ಎಂಬುದೇ ಅಳತೆ. ತಾಯಿ ತಿಳಿಯದೆಯೂ ಸುಳಿವು ಕೊಡಬಾರದೆಂದು ಅವರ ಕಿವಿಗೆ ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸಿರುತ್ತಾರೆ. 1995ರಲ್ಲಿ ಪೀಟರ್ ಜುಸಿಕ್ ಮತ್ತು ರಿಚರ್ಡ್ ಆಸ್ಲಿನ್ ಅಮೆರಿಕದ ಏಳೂವರೆ ತಿಂಗಳ ಮಕ್ಕಳಿಗೆ ‘ಕಪ್’, ‘ಡಾಗ್’ನಂಥ ಪದಗಳನ್ನು ಮೊದಲು ಬಿಡಿಬಿಡಿಯಾಗಿ ಕೇಳಿಸಿ, ಬಳಿಕ ಅವುಗಳಿರುವ ವಾಕ್ಯಗಳನ್ನೂ ಅವುಗಳಿಲ್ಲದ ವಾಕ್ಯಗಳನ್ನೂ ಕೇಳಿಸಿದರು. ಪರಿಚಯವಾದ ಪದವಿದ್ದ ವಾಕ್ಯಗಳನ್ನು ಮಕ್ಕಳು ಹೆಚ್ಚು ಹೊತ್ತು ಆಲಿಸಿದರು. ಆರು ತಿಂಗಳ ಮಕ್ಕಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

ಮರುವರ್ಷ, 1996ರಲ್ಲಿ, ರೋಚೆಸ್ಟರ್ ವಿಶ್ವವಿದ್ಯಾಲಯದ ಜೆನ್ನಿ ಸಾಫ್ರನ್, ರಿಚರ್ಡ್ ಆಸ್ಲಿನ್ ಮತ್ತು ಎಲಿಸಾ ನ್ಯೂಪೋರ್ಟ್ ನಡೆಸಿದ ಪ್ರಯೋಗ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಅವರು ‘ಬಿಡಾಕು’, ‘ಪಡೋಟಿ’, ‘ಗೊಲಾಬು’, ‘ಟುಪಿರೊ’ ಎಂಬ ನಾಲ್ಕು ಅರ್ಥವಿಲ್ಲದ ಪದಗಳನ್ನು ಕಟ್ಟಿ, ಕಂಪ್ಯೂಟರಿನ ಏಕತಾನದ ದನಿಯಲ್ಲಿ, ನಡುವೆ ಎಳ್ಳಷ್ಟೂ ನಿಲುಗಡೆಯಿಲ್ಲದೆ ಎರಡು ನಿಮಿಷ ಎಂಟು ತಿಂಗಳ ಮಕ್ಕಳಿಗೆ ಕೇಳಿಸಿದರು. ದನಿಯ ಒತ್ತು, ಏರಿಳಿತ, ಅರ್ಥ ಯಾವುದೂ ಇಲ್ಲ. ಇದ್ದದ್ದು ಒಂದೇ ಸುಳಿವು: ‘ಬಿ’ ಬಂದರೆ ಮುಂದೆ ‘ಡಾ’ ಬಂದೇ ತೀರುತ್ತದೆ, ಆದರೆ ಪದದ ಕೊನೆಯ ‘ಕು’ ಬಂದ ಮೇಲೆ ಉಳಿದ ಮೂರು ಪದಗಳಲ್ಲಿ ಯಾವುದರ ಮೊದಲ ಉಲಿಯಾದರೂ ಬರಬಹುದು. ಎರಡು ನಿಮಿಷದ ನಂತರ ಪರೀಕ್ಷಿಸಿದಾಗ, ಆ ಪದಗಳಿಗೂ, ಒಂದರ ಬಾಲ ಮತ್ತೊಂದರ ತಲೆ ಸೇರಿ ಆದ ತುಣುಕುಗಳಿಗೂ ಇರುವ ಭೇದವನ್ನು ಮಕ್ಕಳು ಗುರುತಿಸಿದ್ದರು. ಹೊಸದೆನಿಸಿದ ತುಣುಕುಗಳನ್ನು ಅವರು ಹೆಚ್ಚು ಹೊತ್ತು ಆಲಿಸಿದರು. ನಿಮ್ಮ ಮನೆಯ ಮಾತಿಗೆ ಇದನ್ನು ಅನ್ವಯಿಸಿ ನೋಡಿ. ‘ಹಾಲು ಬೇಕಾ’, ‘ಬಿಸಿ ಹಾಲು’, ‘ಹಾಲು ಚೆಲ್ಲಿತು’, ‘ಪಾಪು ಹಾಲು ಕುಡೀತಾ’ ಎಂದು ದಿನವಿಡೀ ಕೇಳುವ ಮಗುವಿಗೆ ‘ಹಾ’ ಮತ್ತು ‘ಲು’ ಜೊತೆಯಾಗಿಯೇ ಓಡಾಡುತ್ತವೆ, ‘ಲು’ವಿನ ಮುಂದೆ ಬರುವುದು ಮಾತ್ರ ಪ್ರತಿಸಲವೂ ಬೇರೆ ಎಂಬುದು ಯಾರೂ ಹೇಳಿಕೊಡದೆ ಮನಸ್ಸಿಗೆ ನಾಟುತ್ತದೆ.

ಈ ಪ್ರಯೋಗದ ಪ್ರಸಿದ್ಧಿಯಿಂದಾಗಿ ಮಗು ಒಂದು ಪುಟ್ಟ ಲೆಕ್ಕದ ಯಂತ್ರ ಎಂಬ ಭಾವನೆ ಹರಡಿತು. ನನಗೆ ಅದು ಅತಿಯಾಯಿತೆನಿಸುತ್ತದೆ. ಆ ನಾಲ್ಕೂ ಪದಗಳಲ್ಲಿ ತಲಾ ಮೂರು ಉಲಿಗಳಿದ್ದವು ಎಂಬುದನ್ನು ಗಮನಿಸಿ. ಮುಂದೆ 2010ರಲ್ಲಿ ಉದ್ದ ಬೇರೆ ಬೇರೆಯಾದ ಪದಗಳನ್ನು ಬೆರೆಸಿ ಇದೇ ಬಗೆಯ ಪರೀಕ್ಷೆ ಮಾಡಿದಾಗ ಎಂಟು ತಿಂಗಳ ಮಕ್ಕಳು ಪದಗಳನ್ನು ಬಿಡಿಸಿಕೊಳ್ಳಲಾರದೆ ಹೋದರು. ನಿಜವಾದ ಭಾಷೆಯಲ್ಲಿ ಪದಗಳ ಉದ್ದ ಒಂದೇ ಇರುವುದಿಲ್ಲವಾದ್ದರಿಂದ, ಉಲಿಗಳ ಜೊತೆಗಾರಿಕೆಯ ಲೆಕ್ಕ ಮೊದಲ ಹಿಡಿತವನ್ನು ಕೊಡಬಲ್ಲದೇ ಹೊರತು ಪೂರ್ತಿ ಕೆಲಸವನ್ನು ಅದೊಂದೇ ಮಾಡಲಾರದು. ಹಾಗೆ ದಕ್ಕಿದ ಮೊದಲ ಕೆಲವು ಪದಗಳಿಂದಲೇ ಮಗು ತನ್ನ ಭಾಷೆಯ ಪದಗಳು ಸಾಮಾನ್ಯವಾಗಿ ಹೇಗಿರುತ್ತವೆ ಎಂಬುದನ್ನು ಕಂಡುಕೊಳ್ಳುತ್ತದೆ. ಇಂಗ್ಲಿಷಿನ ಎರಡುಲಿಯ ಪದಗಳಲ್ಲಿ ಒತ್ತು ಹೆಚ್ಚಾಗಿ ಮೊದಲ ಉಲಿಯ ಮೇಲೆ ಬೀಳುತ್ತದೆ. ಇಂಗ್ಲಿಷ್ ಮನೆಗಳ ಏಳೂವರೆ ತಿಂಗಳ ಮಕ್ಕಳು ‘ಕಿಂಗ್‌ಡಮ್’ ಎಂಬುದನ್ನು ಸರಿಯಾಗಿ ಬಿಡಿಸಿಕೊಳ್ಳುತ್ತಾರೆ, ಎರಡನೆಯ ಉಲಿಗೆ ಒತ್ತಿರುವ ‘ಗಿಟಾರ್’ ಎದುರಾದಾಗ ‘ಟಾರ್’ನಿಂದ ಪದ ಆರಂಭವಾಯಿತೆಂದು ತಿಳಿಯುತ್ತಾರೆ. ಹತ್ತೂವರೆ ತಿಂಗಳಿಗೆ ಆ ತೊಡಕು ನೀಗುತ್ತದೆ.

ಕನ್ನಡದ ಒತ್ತು ಅಷ್ಟು ಎದ್ದು ಕೇಳುವಂಥದ್ದಲ್ಲ. ನಮ್ಮ ಭಾಷೆಯಲ್ಲಿ ಅಡಗಿರುವ ಸುಳಿವುಗಳು ಬೇರೆ. ಅಕ್ಷರದ ಹೆಸರನ್ನು ಹೇಳುವ ‘ಣಕಾರ’, ‘ಳಕಾರ’ಗಳನ್ನು ಬಿಟ್ಟರೆ ಕನ್ನಡದ ಯಾವ ಪದವೂ ‘ಣ’ ಅಥವಾ ‘ಳ’ದಿಂದ ಆರಂಭವಾಗುವುದಿಲ್ಲ, ಆ ಧ್ವನಿ ಕಿವಿಗೆ ಬಿದ್ದಿತೆಂದರೆ ಪದದ ಒಳಗಿದ್ದೇವೆ ಎಂದೇ ಅರ್ಥ. ನಾವು ‘ಎಲೆ’ ಎಂದು ಬರೆದು ‘ಯೆಲೆ’ ಎನ್ನುತ್ತೇವೆ, ‘ಒಳಗೆ’ ಎಂದು ಬರೆದು ‘ವೊಳಗೆ’ ಎನ್ನುತ್ತೇವೆ. ಬರೆಯುವವರು ಗಮನಿಸದ ಈ ಯಕಾರ ವಕಾರಗಳ ಸೋಂಕು ಪದದ ಮೊದಲಿಗೆ ಸಿಗುವ ಗುರುತು. ಇನ್ನೊಂದು ಕಡೆ ಕನ್ನಡ ಮಗುವಿನ ಕೆಲಸವನ್ನು ಕಠಿಣಗೊಳಿಸುವುದೂ ಉಂಟು. ‘ಏನು ಆಯಿತು’ ಎಂದು ಯಾರೂ ಮಗುವಿಗೆ ಬಿಡಿಸಿ ಹೇಳುವುದಿಲ್ಲ, ‘ಏನಾಯ್ತು’ ಎನ್ನುತ್ತಾರೆ. ವ್ಯಾಕರಣ ಪುಸ್ತಕದ ಲೋಪಸಂಧಿಯನ್ನು ಮಗು ತೊಟ್ಟಿಲಲ್ಲೇ ಎದುರಿಸುತ್ತದೆ. ‘ಹಾಲು’ ಎಂಬುದೂ ‘ಹಾಲಿಗೆ’, ‘ಹಾಲಲ್ಲಿ’, ‘ಹಾಲಿಂದ’ ಎಂದಾಗುವಾಗ ತನ್ನ ಉಕಾರವನ್ನು ಕಳೆದುಕೊಳ್ಳುತ್ತದೆ. ಹೀಗಾಗಿ ಕನ್ನಡ ಮಗು ಹುಡುಕಬೇಕಾದದ್ದು ಇಡೀ ಪದವನ್ನು ಮಾತ್ರವಲ್ಲ, ಪದದ ಮೂಲವನ್ನೂ ಅದರ ಬೆನ್ನಿಗೆ ಅಂಟಿಕೊಂಡು ಬರುವ ಪ್ರತ್ಯಯಗಳನ್ನೂ ಬೇರೆ ಬೇರೆಯಾಗಿ ಹುಡುಕಬೇಕು. ಪ್ರತ್ಯಯ ಹಚ್ಚುವುದರಲ್ಲಿ ಕನ್ನಡವನ್ನು ಹೋಲುವ ಹಂಗೇರಿಯನ್ ಭಾಷೆಯ 15 ತಿಂಗಳ ಮಕ್ಕಳು, ತಾವೆಂದೂ ಕೇಳಿರದ ಪದಕ್ಕೆ ಪರಿಚಿತ ಪ್ರತ್ಯಯ ಹಚ್ಚಿ ಕೇಳಿಸಿದಾಗ ಮೂಲವನ್ನು ಬೇರ್ಪಡಿಸಿಕೊಂಡರು ಎಂಬುದು ವರದಿಯಾಗಿದೆ. ‘ಗೆ’, ‘ಅಲ್ಲಿ’, ‘ಇಂದ’ ಇವು ಎಲ್ಲ ಪದಗಳ ಬೆನ್ನಿಗೂ ಬರುವುದರಿಂದಲೇ ಅವು ಬೇಗ ಪರಿಚಿತವಾಗುತ್ತವೆ. ಪರಿಚಿತವಾದ ಬಾಲವನ್ನು ಕಳೆದರೆ ಉಳಿದದ್ದು ಕೈಗೆ ಸಿಗುತ್ತದೆ.

ಅರ್ಥದ ಬಗ್ಗೆ ನೀವು ಎತ್ತಿದ ಮಾತಿಗೆ ಬಂದರೆ, ಅರ್ಥವಿಲ್ಲದೆಯೂ ಪದದ ಧ್ವನಿರೂಪ ಮನಸ್ಸಿನಲ್ಲಿ ನಿಲ್ಲುತ್ತದೆ, ಅರ್ಥ ಆಮೇಲೆ ಬಂದು ಕೂಡಿಕೊಳ್ಳುತ್ತದೆ. ಆದರೆ ಆ ‘ಆಮೇಲೆ’ ನಾವೆಣಿಸಿದಷ್ಟು ದೂರವಿಲ್ಲ. ಆರರಿಂದ ಒಂಬತ್ತು ತಿಂಗಳ ಮಕ್ಕಳಿಗೆ ಎರಡು ಚಿತ್ರ ತೋರಿಸಿ ಒಂದರ ಹೆಸರು ಹೇಳಿದಾಗ, ಅನೇಕ ತಿನಿಸುಗಳ ಮತ್ತು ದೇಹದ ಅಂಗಗಳ ವಿಷಯದಲ್ಲಿ ಅವರ ಕಣ್ಣು ಸರಿಯಾದ ಚಿತ್ರದ ಕಡೆಗೆ ವಾಲಿತು ಎಂದು 2012ರಲ್ಲಿ ಅಮೆರಿಕದಲ್ಲಿ ಕಂಡುಬಂದಿದೆ.

ಪ್ರಶ್ನೆ: ನಮ್ಮ ಮೂರು ವರ್ಷದ ಮಗ ‘ಕಿಟಕಿ ಲಾಕು’, ‘ಡಬ್ಬಿ ಲಾಕು’ ಎನ್ನುತ್ತಾನೆ. ‘ಹಾಕು’ ಎಂದು ಎಷ್ಟು ತಿದ್ದಿದರೂ ಮತ್ತೆ ಅದೇ. ಇದು ಉಚ್ಚಾರಣೆಯ ದೋಷವೆ?
— ಓದುಗರೊಬ್ಬರು, ಮಂಡ್ಯ

ಉತ್ತರ: ದೋಷವಲ್ಲ, ಅವನು ಪದದ ಅಂಚನ್ನು ಒಂದು ಧ್ವನಿಯಷ್ಟು ಆಚೆ ಎಳೆದಿದ್ದಾನೆ, ಅಷ್ಟೆ. ನಿಮ್ಮ ಕಡೆಯ ಆಡುಮಾತಿನಲ್ಲಿ ‘ಬಾಗಿಲು ಹಾಕು’ ಎಂಬುದು ‘ಬಾಗ್ಲಾಕು’ ಆಗುತ್ತದೆ. ಹಕಾರ ಬಿದ್ದುಹೋಗಿ ‘ಲ’ ಮುಂದಿನ ಸ್ವರಕ್ಕೆ ಕೂಡಿಕೊಳ್ಳುತ್ತದೆ. ಅದನ್ನು ಎಲ್ಲಿ ಕತ್ತರಿಸಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ‘ಲಾಕು’ ಎಂದರೆ ಮುಚ್ಚು ಎಂದು ತೀರ್ಮಾನಿಸಿ, ಆ ತೀರ್ಮಾನವನ್ನು ಕಿಟಕಿಗೂ ಡಬ್ಬಿಗೂ ಹಚ್ಚಿದ್ದಾನೆ. ಕೇಳಿದ್ದನ್ನು ಒಪ್ಪಿಸುವ ಮಗು ಹೀಗೆ ಮಾಡುವುದಿಲ್ಲ, ಮಾತನ್ನು ಬಿಡಿಸಿ ನೋಡುವ ಮಗು ಮಾತ್ರ ಮಾಡುತ್ತದೆ. (ಮನೆಯಲ್ಲಿ ಫೋನು, ಬೈಕು, ಕಾರುಗಳನ್ನೆಲ್ಲ ‘ಲಾಕ್ ಮಾಡುವ’ ಅಭ್ಯಾಸವಿದ್ದರೆ ಅದೂ ಅವನ ತೀರ್ಮಾನಕ್ಕೆ ಬೆಂಬಲ ಕೊಟ್ಟಿರಬಹುದು.) ‘ಬಿಹೇವ್’ ಎಂದು ಗದರಿಸಿಕೊಂಡ ಇಂಗ್ಲಿಷ್ ಮಗು ‘ಐ ಆಮ್ ಹೇವ್’ ಎಂದು ಉತ್ತರಿಸಿದ ಪ್ರಸಂಗ ಈ ವಿಷಯದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೊಡ್ಡವರೂ ಇದಕ್ಕೆ ಹೊರತಲ್ಲ: ಇಂಗ್ಲಿಷಿನ ‘ಏಪ್ರನ್’ ಹಿಂದೆ ನಕಾರದಿಂದ ಆರಂಭವಾಗುತ್ತಿದ್ದ ಪದ; ಹಿಂದಿನ ‘ಎ’ ಆ ನಕಾರವನ್ನು ಸೆಳೆದುಕೊಂಡು ‘ಆ್ಯನ್’ ಆಯಿತು, ತಪ್ಪೇ ನಿಘಂಟು ಸೇರಿತು.

ತಿದ್ದುವುದನ್ನು ಬಿಟ್ಟು, ‘ಹೌದು, ಕಿಟಕಿ ಹಾಕೋಣ’, ‘ಟೋಪಿ ಹಾಕು’, ‘ನೀನೇ ಹಾಕಿದೆಯಾ?’ ಎಂದು ಲಕಾರದ ನೆರೆಯಿಲ್ಲದ ಕಡೆಗಳಲ್ಲಿ ಆ ಪದ ಅವನ ಕಿವಿಗೆ ಬೀಳುವಂತೆ ಮಾತನಾಡಿ.

ಪ್ರಶ್ನೆ: ನಮ್ಮ ಅತ್ತೆಯವರು ಮಗುವಿನೊಡನೆ ‘ಮಮ್ಮು ತಿನ್ನು’, ‘ತಾಚಿ ಮಾಡು’, ‘ಟಾಟಾ ಹೋಗೋಣ’ ಎಂದು ರಾಗವೆಳೆದು ಮಾತನಾಡುತ್ತಾರೆ. ಶುದ್ಧವಾದ ದೊಡ್ಡವರ ಮಾತನ್ನೇ ಆಡಬೇಕೆಂದು ನನ್ನ ಅಭಿಪ್ರಾಯ. ಯಾರು ಸರಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅತ್ತೆಯವರು. ರಾಗವೆಳೆದಾಗ ದನಿ ಎತ್ತರಕ್ಕೇರುತ್ತದೆ, ಸ್ವರಗಳು ನೀಳವಾಗುತ್ತವೆ, ವಾಕ್ಯ ಚಿಕ್ಕದಾಗುತ್ತದೆ, ವಾಕ್ಯಗಳ ನಡುವೆ ನಿಜವಾದ ನಿಲುಗಡೆ ಬರುತ್ತದೆ. ಮುಖ್ಯವಾದ ಪದ ವಾಕ್ಯದ ಅಂಚಿಗೆ ಬಂದು ನಿಂತರೆ ಅದರ ಒಂದು ಗಡಿಯನ್ನು ಹುಡುಕುವ ಶ್ರಮ ಮಗುವಿಗೆ ತಪ್ಪುತ್ತದೆ. 2005ರಲ್ಲಿ ಅರ್ಥವಿಲ್ಲದ ಪದಗಳ ವಾಕ್ಯಗಳನ್ನು ಎರಡೂ ಬಗೆಯಲ್ಲಿ ಕೇಳಿಸಿ ಪರೀಕ್ಷಿಸಿದಾಗ, ಏಳು ತಿಂಗಳ ಆಸುಪಾಸಿನ ಮಕ್ಕಳು ಮುದ್ದುಮಾತಿನ ಧಾಟಿಯಲ್ಲಿ ಕೇಳಿದ ಪದಗಳನ್ನು ಬಿಡಿಸಿಕೊಂಡರು. ದೊಡ್ಡವರ ಧಾಟಿಯಲ್ಲಿ ಕೇಳಿದವರಲ್ಲಿ ಅದು ಕಾಣಲಿಲ್ಲ. ಇನ್ನು ‘ಮಮ್ಮು’, ‘ತಾಚಿ’, ‘ಟಾಟಾ’ ಇವು ಚಿಕ್ಕವು, ಹೆಚ್ಚಿನವು ಒತ್ತಕ್ಷರ ಅಥವಾ ಇಮ್ಮಡಿಸಿದ ಉಲಿಗಳಿಂದ ಕೂಡಿದವು, ಒಂಟಿಯಾಗಿ ಹೇಳಲು ಬರುವಂಥವು. ತಾಯಂದಿರು ಮಗುವಿಗೆ ಆಡುವ ಮಾತುಗಳಲ್ಲಿ ನೂರಕ್ಕೆ ಸುಮಾರು 9 ಒಂದೇ ಪದದ ಮಾತುಗಳು ಎಂದು 2001ರ ಒಂದು ಅಧ್ಯಯನ ಲೆಕ್ಕ ಹಾಕಿತು. ಯಾವ ಪದವನ್ನು ಹೀಗೆ ಒಂಟಿಯಾಗಿ ಹೆಚ್ಚು ಕೇಳಿದ್ದರೋ ಅದನ್ನು ಮಕ್ಕಳು ಮುಂದೆ ಆಡುವ ಸಂಭವವೂ ಹೆಚ್ಚಾಗಿತ್ತು.

ನಿಮ್ಮ ಅಭಿಪ್ರಾಯವನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಮಗುವಿನ ತೊದಲನ್ನು ಅಣಕಿಸಿ ‘ರ’ವನ್ನು ‘ಲ’ ಮಾಡಿ ಆಡುವುದರಿಂದ ಪ್ರಯೋಜನವಿಲ್ಲ. ರಾಗ ಇರಲಿ, ಉಚ್ಚಾರ ಸರಿಯಿರಲಿ. ‘ಮಮ್ಮು’ವಿನ ಜೊತೆಗೆ ‘ಅನ್ನ’ವೂ ‘ಮುದ್ದೆ’ಯೂ ಇರಲಿ.

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿದ್ದೇವೆ. ಹತ್ತು ತಿಂಗಳ ಮಗಳಿಗೆ ಕನ್ನಡ ಕೇಳಿಸಲೆಂದು ಫೋನಿನಲ್ಲಿ ಕನ್ನಡ ಶಿಶುಗೀತೆಗಳ ವಿಡಿಯೊ ಹಾಕಿಡುತ್ತೇವೆ. ಡೇಕೇರ್‌ನಲ್ಲಿ ಇಂಗ್ಲಿಷ್. ಮಗುವಿಗೆ ಗೊಂದಲವಾಗುವುದಿಲ್ಲವೆ?
— ಓದುಗರೊಬ್ಬರು, ಡಲ್ಲಾಸ್

ಉತ್ತರ: ಎರಡು ಭಾಷೆಯ ಬಗ್ಗೆ ಚಿಂತೆ ಬೇಡ. ಬಾರ್ಸಿಲೋನದಲ್ಲಿ ಕ್ಯಾಟಲಾನ್ ಮತ್ತು ಸ್ಪ್ಯಾನಿಷ್ ಎರಡನ್ನೂ ಕೇಳುತ್ತ ಬೆಳೆಯುವ ಮಕ್ಕಳು ನಾಲ್ಕು ತಿಂಗಳ ಹೊತ್ತಿಗೇ ಆ ಎರಡನ್ನು ಬೇರ್ಪಡಿಸಿ ಗುರುತಿಸುತ್ತಾರೆ; ಅವು ನಮ್ಮ ಕನ್ನಡ ತುಳುಗಳಂತೆ ತೀರ ಹತ್ತಿರದ ಭಾಷೆಗಳು. ಕನ್ನಡ ಮತ್ತು ಇಂಗ್ಲಿಷಿನ ಲಯವಂತೂ ಇನ್ನೂ ದೂರ. ಕರಾವಳಿಯ ಮನೆಗಳಲ್ಲಿ ತುಳು, ಕೊಂಕಣಿ, ಕನ್ನಡ ಮೂರೂ ಕೇಳುತ್ತ ಮಕ್ಕಳು ಬೆಳೆಯುವುದು ಹೊಸ ಸಂಗತಿಯಲ್ಲ.

ಚಿಂತಿಸಬೇಕಾದದ್ದು ಫೋನಿನ ಬಗ್ಗೆ. 2003ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು 12 ಬಾರಿ ಕೇಳಿಸಿದರು. ಎದುರಿಗೆ ಕುಳಿತು ಆಟವಾಡಿಸುತ್ತ, ಪುಸ್ತಕ ತೋರಿಸುತ್ತ ಮಾತನಾಡಿದವರಿಂದ ಮಕ್ಕಳು ಆ ಭಾಷೆಯ ಧ್ವನಿಭೇದಗಳನ್ನು ಹಿಡಿದರು. ಅವರೇ ಆಡಿದ ಅದೇ ಮಾತನ್ನು ಪರದೆಯ ಮೇಲೆ ಕಂಡ ಮಕ್ಕಳೂ, ಬರಿಯ ಧ್ವನಿಮುದ್ರಣ ಕೇಳಿದ ಮಕ್ಕಳೂ ಏನನ್ನೂ ಕಲಿಯಲಿಲ್ಲ. ಕಾಲವೂ ಇಲ್ಲಿ ಮುಖ್ಯ. ಹಿಂದಿಯ ‘ತ’ ಮತ್ತು ‘ಟ’ಗಳ ಭೇದವನ್ನು ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಮಕ್ಕಳು ಸಲೀಸಾಗಿ ಗುರುತಿಸುತ್ತಾರೆ, ವರ್ಷ ತುಂಬುವ ಹೊತ್ತಿಗೆ ಆ ಚುರುಕು ಇಳಿದುಹೋಗಿರುತ್ತದೆ ಎಂದು ಜಾನೆಟ್ ವರ್ಕರ್ 1984ರಲ್ಲಿ ತೋರಿಸಿದರು. ‘ತ’ಕಾರ ‘ಟ’ಕಾರಗಳು ಕನ್ನಡಕ್ಕೂ ಬೇಕಾದವು, ಕಿವಿ ಅವುಗಳ ಭೇದವನ್ನೇ ಬಿಟ್ಟುಕೊಟ್ಟ ಮೇಲೆ ‘ಕತ್ತು’ ಮತ್ತು ‘ಕಟ್ಟು’ ಎರಡು ಪದಗಳೆಂದು ತಿಳಿಯುವುದು ಕಷ್ಟವಾಗುತ್ತದೆ. ಆದ್ದರಿಂದ ಸ್ನಾನ ಮಾಡಿಸುವಾಗ, ಉಣ್ಣಿಸುವಾಗ, ಬಟ್ಟೆ ತೊಡಿಸುವಾಗ ನೀವೇ ಕನ್ನಡದಲ್ಲಿ ಮಾತನಾಡಿ. ಊರಿನ ಅಜ್ಜಿ ತಾತಂದಿರೊಡನೆ ವಿಡಿಯೊ ಕರೆ ಮಾಡುವುದನ್ನು ಮಾತ್ರ ನಿಲ್ಲಿಸಬೇಡಿ. ಮಗುವಿನ ನಗುವಿಗೆ ಆ ಕಡೆಯಿಂದ ಉತ್ತರ ಬರುತ್ತದೆ. ಎರಡರಿಂದ ಎರಡೂವರೆ ವರ್ಷದ ಮಕ್ಕಳು ಅಂಥ ನೇರ ಕರೆಯಲ್ಲಿ ಹೊಸ ಪದ ಕಲಿತರು, ಮೊದಲೇ ಮುದ್ರಿಸಿದ ವಿಡಿಯೊದಿಂದ ಕಲಿಯಲಿಲ್ಲ ಎಂಬುದು 2014ರ ಪ್ರಯೋಗವೊಂದರಲ್ಲಿ ಕಂಡುಬಂದಿದೆ.

ಪ್ರಶ್ನೆ: ಮೊಮ್ಮಗನಿಗೆ ಹನ್ನೊಂದು ತಿಂಗಳು. ತಟ್ಟೆ ಬಡಿದರೆ ತಿರುಗಿ ನೋಡುತ್ತಾನೆ, ಹೆಸರು ಹಿಡಿದು ಕರೆದರೆ ಎಷ್ಟೋ ಸಲ ನೋಡುವುದಿಲ್ಲ. ಕಿವಿ ಸರಿಯಿದೆ ಎಂದುಕೊಳ್ಳಬಹುದೆ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಹಾಗೆಂದುಕೊಂಡು ಕಾಯಬೇಡಿ. ತಟ್ಟೆಯ ಸದ್ದು ಜೋರಾದದ್ದು. ಅಲ್ಪ ಅಥವಾ ಮಧ್ಯಮ ಪ್ರಮಾಣದ ಶ್ರವಣದೋಷವಿರುವ ಮಗುವಿಗೂ ಅದು ಕೇಳಿಸುತ್ತದೆ. ಪದಗಳನ್ನು ಬೇರ್ಪಡಿಸಲು ಬೇಕಾದ ‘ಸ’, ‘ಶ’, ‘ತ’ಗಳಂಥ ಮೆಲುವಾದ ಧ್ವನಿಗಳು ಅದೇ ಮಗುವಿಗೆ ತಲುಪದೆ ಹೋಗಬಹುದು. ಶೀತ ನೆಗಡಿಯಾದಾಗ ಕಿವಿಯ ನಡುಭಾಗದಲ್ಲಿ ನೀರು ತುಂಬಿಕೊಂಡು ಹೀಗಾಗುವುದೂ ಉಂಟು, ಅದಕ್ಕೆ ಚಿಕಿತ್ಸೆ ಇದೆ. ಮಗು ಮೊದಲ ತಿಂಗಳುಗಳಲ್ಲಿ ಕೂಗುತ್ತಿತ್ತು, ನಗುತ್ತಿತ್ತು ಎಂಬುದು ಕಿವಿ ಸರಿಯಿರುವುದಕ್ಕೆ ಸಾಕ್ಷಿಯಲ್ಲ, ಕಿವಿ ಕೇಳದ ಮಕ್ಕಳೂ ಅಷ್ಟನ್ನು ಮಾಡುತ್ತಾರೆ. ಹತ್ತು ತಿಂಗಳಾದರೂ ‘ಬಾಬಾಬಾ’, ‘ದಾದಾದಾ’ ಎಂಬಂಥ ಉಲಿಗಳ ಸರಣಿ ಬಾರದಿದ್ದರೆ, ವರ್ಷವಾದರೂ ಹೆಸರಿಗೆ ಓಗೊಡದಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಕಿವಿ ಸರಿಯಿದ್ದೂ ಮಗು ಹೆಸರಿಗೆ ತಿರುಗುತ್ತಿಲ್ಲ ಎಂದಾದರೆ ಅದನ್ನೂ ಮಕ್ಕಳ ವೈದ್ಯರಿಗೆ ತಿಳಿಸಿ. ಅದರ ಕಾರಣ ಬೇರೆ ಇರಬಹುದು.

ನವಜಾತ ಶಿಶುವಿಗೆ ಒಂದು ತಿಂಗಳೊಳಗೆ ತಪಾಸಣೆ, ಸಂಶಯವಿದ್ದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ದೋಷವಿದ್ದರೆ ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ ಎಂಬುದು ತಜ್ಞರು ಸೂಚಿಸುವ ಕ್ರಮ. ಆ ಅವಧಿ ದಾಟಿರುವುದರಿಂದ ನೀವು ಇನ್ನು ತಡಮಾಡಬಾರದು. ತಪಾಸಣೆಯಲ್ಲಿ ನೋವಿಲ್ಲ. ಓಎಇ ಎಂಬ ಪರೀಕ್ಷೆಯಲ್ಲಿ ಮಗುವಿನ ಕಿವಿಗೆ ಪುಟ್ಟದೊಂದು ಮೆತ್ತನೆಯ ತುದಿಯನ್ನಿಟ್ಟು ಮೆಲ್ಲನೆಯ ಸದ್ದು ಕಳಿಸುತ್ತಾರೆ, ಒಳಗಿವಿ ಹಿಂದಿರುಗಿಸುವ ಪ್ರತಿಧ್ವನಿಯನ್ನು ಯಂತ್ರ ಅಳೆಯುತ್ತದೆ. ಮಗು ಅಲ್ಲಾಡದಿದ್ದರೆ ಕೆಲವೇ ನಿಮಿಷಗಳ ಕೆಲಸ. ಅದರಲ್ಲಿ ಸಂದೇಹ ಬಂದರೆ ಮಗು ನಿದ್ದೆಯಲ್ಲಿರುವಾಗ, ಸದ್ದಿಗೆ ಕಿವಿಯ ನರವೂ ಮೆದುಳೂ ತೋರುವ ಪ್ರತಿಕ್ರಿಯೆಯನ್ನು ಅಳೆಯುವ ಬೆರಾ ಎಂಬ ಪರೀಕ್ಷೆ ಮಾಡುತ್ತಾರೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶ್ರವಣದೋಷದ ತಪಾಸಣೆಯೂ ಸೇರಿರುವುದರಿಂದ ನಿಮ್ಮ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಮೊದಲು ಕೇಳಿ. ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೂ ಹೋಗಬಹುದು. ಹೆಚ್ಚಿನ ಪರೀಕ್ಷೆಗೂ ತರಬೇತಿಗೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಮಗು ಯಾವ ಸದ್ದಿಗೆ ತಿರುಗುತ್ತದೆ, ಯಾವುದಕ್ಕೆ ತಿರುಗುವುದಿಲ್ಲ, ಈಚೆಗೆ ನೆಗಡಿಯಾಗಿತ್ತೆ, ಹುಟ್ಟಿದಾಗ ಕಾಮಾಲೆ ತೀವ್ರವಾಗಿತ್ತೆ, ಹತ್ತಿರದ ಸಂಬಂಧದಲ್ಲಿ ಮದುವೆಯಾದ ತಂದೆತಾಯಿಗಳೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತಜ್ಞರು ಮೊದಲು ಕೇಳುವ ಪ್ರಶ್ನೆಗಳು ಇವೇ.